ನೀರು ಹೊತ್ತವರ ಗ್ರಂಥ: ಸಿಖ್ ಧರ್ಮಗ್ರಂಥ ಅರ್ಥವಾಗುವ ಬಗೆ

ಇವತ್ತಿನ ಮಾತು ವಿಶೇಷವಾಗಿ ಇಲ್ಲಿ, ಬ್ರಿಟನ್ನಿನಲ್ಲಿ ಹುಟ್ಟಿ ಬೆಳೆದ ನಮ್ಮ ಹುಡುಗ ಹುಡುಗಿಯರಿಗೆ.

ನಿಮ್ಮಲ್ಲಿ ಬಹಳ ಜನಕ್ಕೆ ಶಾಲೆಯಲ್ಲಿ ಸಿಖ್ ಗೆಳೆಯರು ಇದ್ದೇ ಇರುತ್ತಾರೆ. 2021ರ ಜನಗಣತಿಯ ಪ್ರಕಾರ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಐದು ಲಕ್ಷಕ್ಕೂ ಹೆಚ್ಚು ಸಿಖ್ಖರಿದ್ದಾರೆ. ಸೌತಾಲ್, ಸ್ಲೌ, ವುಲ್ವರ್‌ಹ್ಯಾಂಪ್ಟನ್ ಕಡೆಯವರು ಗುರುದ್ವಾರದ ಲಂಗರ್‌ನಲ್ಲಿ ಊಟ ಮಾಡಿಯೂ ಇರುತ್ತೀರಿ. ಆದರೆ ಅಲ್ಲಿ ಹಾಲಿನ ನಡುವೆ, ಬಟ್ಟೆಯ ಮೇಲ್ಕಟ್ಟಿನ ಕೆಳಗೆ, ಚಾಮರ ಬೀಸಿಸಿಕೊಳ್ಳುತ್ತಾ ಇರುವ ಆ ದೊಡ್ಡ ಗ್ರಂಥದಲ್ಲಿ ಏನಿದೆ? ಅದನ್ನು ಅರ್ಥ ಮಾಡಿಕೊಳ್ಳುವುದು ಅಂದರೆ ಏನು? ಈ ಪ್ರಶ್ನೆಗೆ ಉತ್ತರ ಹುಡುಕಲು ಹೊರಟ ಇಬ್ಬರು ಯುರೋಪಿಯನ್ನರ ಕಥೆಯಿಂದ ಶುರು ಮಾಡುತ್ತೇನೆ.

1849ರಲ್ಲಿ ಪಂಜಾಬ್ ಬ್ರಿಟಿಷರ ಕೈಸೇರಿತು. ಸ್ವಲ್ಪ ಕಾಲದಲ್ಲೇ ಅವರ ಸೈನ್ಯದಲ್ಲಿ ಸಿಖ್ ಸೈನಿಕರು ಬಹಳ ಮುಖ್ಯರಾದರು. ಇವರ ಧರ್ಮಗ್ರಂಥದಲ್ಲಿ ಏನಿದೆ ಎಂದು ತಿಳಿಯುವ ಕುತೂಹಲ, ಅಗತ್ಯ ಎರಡೂ ಲಂಡನ್ನಿನ ಇಂಡಿಯಾ ಆಫೀಸಿಗೆ ಹುಟ್ಟಿತು. ಆ ಕೆಲಸಕ್ಕೆ ಅವರು ಆರಿಸಿದ್ದು ಎರ್ನ್ಸ್ಟ್ ಟ್ರಂಪ್ ಎಂಬ ಜರ್ಮನ್ ಭಾಷಾಪಂಡಿತನನ್ನು. ಆತ ಸಾಮಾನ್ಯನಲ್ಲ. ಮಿಷನರಿಯಾಗಿ ಬಂದು ಸಿಂಧಿ ಭಾಷೆಗೆ ವ್ಯಾಕರಣ ಬರೆದವನು, ಹಲವು ಭಾಷೆ ಬಲ್ಲವನು. ಲಾಹೋರಿಗೆ ಬಂದು ಅಲ್ಲಿನ ಗ್ರಂಥಿಗಳನ್ನು, ಅಂದರೆ ಗ್ರಂಥ ಓದುವ ಹಿರಿಯರನ್ನು, ಕರೆಸಿಕೊಂಡ. ಅವರ ಎದುರೇ ಚುಟ್ಟಾ ಸೇದುತ್ತಾ ಗ್ರಂಥದ ಮೇಲೆ ಹೊಗೆ ಬಿಟ್ಟನಂತೆ. ಸಿಖ್ಖರಿಗೆ ತಂಬಾಕು ನಿಷಿದ್ಧ. ಅವರು ಎದ್ದು ಹೋದರು ಎಂದು ಕಥೆ ಹೇಳುತ್ತದೆ. ಈ ಗ್ರಂಥಿಗಳಿಗೇ ತಮ್ಮ ಗ್ರಂಥ ಅರ್ಥವಾಗುವುದಿಲ್ಲ, ತನಗಷ್ಟೇ ಆಗುತ್ತದೆ ಎಂಬ ತೀರ್ಮಾನಕ್ಕೆ ಟ್ರಂಪ್ ಬಂದ. 1877ರಲ್ಲಿ ಅವನ ಅನುವಾದ ಲಂಡನ್ನಿನಲ್ಲಿ ಅಚ್ಚಾಯಿತು. ಅದರಲ್ಲಿದ್ದದ್ದು ಗ್ರಂಥದ ಒಂದು ಭಾಗ ಮಾತ್ರ. ಮುನ್ನುಡಿಯ ಧಾಟಿಯಂತೂ ಕಟು: ಹೇಳಿದ್ದನ್ನೇ ಮತ್ತೆ ಮತ್ತೆ ಹೇಳುವ, ಒಂದಕ್ಕೊಂದು ಸಂಬಂಧವಿಲ್ಲದ, ಬೇಸರ ಹುಟ್ಟಿಸುವ ಪುಸ್ತಕ ಎಂಬುದು ಅವನ ಅಭಿಪ್ರಾಯ.

ಎರಡನೆಯವನು ಮ್ಯಾಕ್ಸ್ ಆರ್ಥರ್ ಮೆಕಾಲಿಫ್. 1841ರಲ್ಲಿ ಐರ್ಲೆಂಡಿನಲ್ಲಿ ಹುಟ್ಟಿ, ಐ.ಸಿ.ಎಸ್. ಅಧಿಕಾರಿಯಾಗಿ ಪಂಜಾಬಿಗೆ ಹೋದವನು. ಅಮೃತಸರದ ದೀಪಾವಳಿ ನೋಡಿದ್ದು ಅವನ ಆಸಕ್ತಿಗೆ ನಾಂದಿಯಾಯಿತು. 1893ರಲ್ಲಿ ಒಳ್ಳೆಯ ಸಂಬಳದ ಸರ್ಕಾರಿ ಹುದ್ದೆಗೆ ರಾಜೀನಾಮೆ ಕೊಟ್ಟು ಈ ಒಂದೇ ಕೆಲಸಕ್ಕೆ ಕೂತ. ಅವನೂ ಗ್ರಂಥಿಗಳ ಬಳಿ ಹೋದ, ಆದರೆ ಶಿಷ್ಯನ ಹಾಗೆ ಹೋದ. ತನ್ನ ಅನುವಾದವನ್ನು ನಾಭಾದ ಕಾಹ್ನ್ ಸಿಂಗ್ ಮೊದಲಾದ ಸಿಖ್ ವಿದ್ವಾಂಸರ ಮುಂದಿಟ್ಟು, ಅವರು ತಪ್ಪು ಅಂದದ್ದನ್ನು ತಿದ್ದಿದ. 1909ರಲ್ಲಿ ಆಕ್ಸ್‌ಫರ್ಡ್‌ನಿಂದ ಅವನ ಆರು ಸಂಪುಟಗಳು ಬಂದವು. ನೂರು ವರ್ಷ ಕಳೆದ ಮೇಲೂ ಸಿಖ್ಖರು ಅವನ ಹೆಸರನ್ನು ಗೌರವದಿಂದ ಹೇಳುತ್ತಾರೆ.

ಇಬ್ಬರ ಎದುರೂ ಇದ್ದದ್ದು ಒಂದೇ ಗ್ರಂಥ, ಒಂದೇ ಲಿಪಿ. ವ್ಯಾಕರಣದಲ್ಲಿ ಬಹುಶಃ ಟ್ರಂಪ್ ಒಂದು ಕೈ ಮೇಲೆ. ಆದರೂ ಅರ್ಥ ದಕ್ಕಿದ್ದು ಇನ್ನೊಬ್ಬನಿಗೆ. ಯಾಕೆ ಎಂದು ತಿಳಿಯಲು ಗ್ರಂಥದ ಹುಟ್ಟನ್ನು ಸ್ವಲ್ಪ ನೋಡಬೇಕು.

ಗುರು ನಾನಕರು ಹುಟ್ಟಿದ್ದು 1469ರಲ್ಲಿ, ಇಂದು ಪಾಕಿಸ್ತಾನದಲ್ಲಿರುವ ತಲ್ವಂಡಿಯಲ್ಲಿ. ದೇಶವೆಲ್ಲ ಸುತ್ತಿದ ಮೇಲೆ ಅವರು ರಾವಿ ನದಿಯ ದಡದ ಕರ್ತಾರ್‌ಪುರದಲ್ಲಿ ನೆಲೆಸಿ, ಹೊಲ ಉತ್ತು ಬದುಕಿದರು. ಬೆಳಗಾಗುವ ಮೊದಲು ಹಾಡು, ಹಗಲು ದುಡಿಮೆ, ಎಲ್ಲರೂ ಒಟ್ಟಿಗೆ ಕೂತು ಊಟ. ಇದು ಅಲ್ಲಿನ ದಿನಚರಿ. ನಾಮ ಜಪಿಸು, ದುಡಿದು ತಿನ್ನು, ಹಂಚಿ ತಿನ್ನು ಎಂದು ಸಿಖ್ಖರು ಇಂದಿಗೂ ಹೇಳುವ ಮೂರು ತತ್ವಗಳು ಈ ದಿನಚರಿಯಲ್ಲೇ ಇವೆ. ನಾನಕರ ನಂತರದ ಗುರುಗಳೂ ಹಾಡುಗಳನ್ನು ರಚಿಸಿದರು. ಐದನೆಯವರಾದ ಗುರು ಅರ್ಜನ್ ಅವನ್ನೆಲ್ಲ ಕೂಡಿಸಿ, ಭಾಯಿ ಗುರುದಾಸರ ಕೈಯಲ್ಲಿ ಬರೆಸಿ, 1604ರಲ್ಲಿ ಅಮೃತಸರದ ಹರಮಂದಿರದಲ್ಲಿ ಇರಿಸಿದರು. ಎರಡು ವರ್ಷದ ನಂತರ, 1606ರಲ್ಲಿ, ಲಾಹೋರಿನಲ್ಲಿ ಮೊಗಲರ ಸೆರೆಯಲ್ಲಿ ಅವರು ಪ್ರಾಣ ಬಿಟ್ಟರು. ಒಂಬತ್ತನೆಯ ಗುರು ತೇಗ್ ಬಹಾದೂರರ ರಚನೆಗಳು ಆಮೇಲೆ ಸೇರಿದವು. 1708ರಲ್ಲಿ ನಾಂದೇಡ್‌ನಲ್ಲಿ ಹತ್ತನೆಯ ಗುರು ಗೋಬಿಂದ್ ಸಿಂಗ್, ತಮ್ಮ ನಂತರ ಮನುಷ್ಯ ಗುರು ಇಲ್ಲ, ಗ್ರಂಥವೇ ಗುರು ಎಂದು ಸಾರಿದರು.

ಈ ಗ್ರಂಥದಲ್ಲಿ 1430 ಪುಟಗಳಿವೆ. ಗುರುಗಳ ಜೊತೆಗೆ 15 ಮಂದಿ ಭಕ್ತರ ಹಾಡುಗಳಿವೆ: ನೇಕಾರ ಕಬೀರ, ಚಮ್ಮಾರ ರವಿದಾಸ, ಕ್ಷೌರಿಕ ಸೈನ್, ಮರಾಠಿ ನಾಡಿನ ನಾಮದೇವ, ಸೂಫಿ ಸಂತ ಫರೀದ್. ನಮ್ಮ ಮಾದಾರ ಚೆನ್ನಯ್ಯ, ಅಂಬಿಗರ ಚೌಡಯ್ಯರ ಹೆಸರು ಕೇಳಿದವರಿಗೆ ಈ ಪಟ್ಟಿ ಹೊಸದು ಅನ್ನಿಸುವುದಿಲ್ಲ. ಜಾತಿಯನ್ನು ತುಂಬ ಗಟ್ಟಿಯಾಗಿ ನಂಬಿದ್ದ ಕಾಲದಲ್ಲಿ ಇವರ ಮಾತಿಗೂ ಗುರುಗಳ ಮಾತಿಗೂ ಒಂದೇ ರಟ್ಟಿನ ನಡುವೆ ಜಾಗ ಸಿಕ್ಕಿತು. ಗ್ರಂಥದ ಮುಂದೆ ತಲೆಬಾಗುವ ಪ್ರತಿಯೊಬ್ಬರೂ ರವಿದಾಸನಿಗೂ ತಲೆಬಾಗುತ್ತಾರೆ.

ಇನ್ನೊಂದು ವಿಶೇಷ ಅದರ ಜೋಡಣೆ. ವಿಷಯದ ಪ್ರಕಾರ ಅಧ್ಯಾಯಗಳಿಲ್ಲ, ಕಥೆಯ ಕ್ರಮವಿಲ್ಲ. ಹೆಚ್ಚಿನ ಭಾಗ 31 ರಾಗಗಳ ಪ್ರಕಾರ ಜೋಡಿಸಿದ್ದು. ಅನೇಕ ಹಾಡುಗಳಲ್ಲಿ ಒಂದು ಸಾಲಿನ ಪಕ್ಕ ‘ರಹಾವು’ ಎಂದು ಬರೆದಿರುತ್ತದೆ. ನಿಲ್ಲು, ಇಲ್ಲಿ ತಂಗು ಎಂದು ಅರ್ಥ. ನಮ್ಮ ದಾಸರ ಪದದ ಪಲ್ಲವಿಯ ಹಾಗೆ ಆ ಸಾಲು ಮತ್ತೆ ಮತ್ತೆ ಬರುತ್ತದೆ, ಹಾಡಿನ ತಿರುಳು ಅದರಲ್ಲಿರುತ್ತದೆ. ಈಗ ಟ್ರಂಪ್‌ನ ದೂರು ನೆನಪಿಸಿಕೊಳ್ಳಿ. ಒಂದು ದಾಸರ ಪದವನ್ನು ರಾಗವಿಲ್ಲದೆ ಕಾಗದದ ಮೇಲೆ ಓದಿ, ಪಲ್ಲವಿ ಯಾಕೆ ಪದೇ ಪದೇ ಬರುತ್ತದೆ ಎಂದು ಸಿಟ್ಟಾದರೆ ಹೇಗಿರುತ್ತದೆಯೋ ಅವನ ದೂರೂ ಹಾಗೇ ಇದೆ. ಹಾಡಿ ಒಳಗೆ ಇಳಿಸಿಕೊಳ್ಳಬೇಕಾದ್ದನ್ನು ಅವನು ಮಾಹಿತಿ ಹುಡುಕುವವನ ಹಾಗೆ ಓದಿದ. ಮಾಹಿತಿಗೆ ಒಂದು ಸಲ ಹೇಳಿದರೆ ಸಾಕು. ಮನಸ್ಸು ಬದಲಾಗಬೇಕಾದರೆ ಒಂದು ಸಲ ಸಾಲದು.

ಹಾಗಾದರೆ ಅರ್ಥವಾಗುವುದು ಹೇಗೆ? ಈ ವಿಷಯದಲ್ಲಿ ಗ್ರಂಥವೇ ಮಾತಾಡುತ್ತದೆ. ಮೊದಲಿಗೆ ಬರುವ ರಚನೆ ಗುರು ನಾನಕರ ಜಪ್‌ಜಿ. ಅದರಲ್ಲಿ 38 ಪೌಡಿಗಳು, ಅಂದರೆ ಮೆಟ್ಟಿಲುಗಳು. ಎಷ್ಟೇ ಸಲ ತಲೆ ಕೆಡಿಸಿಕೊಂಡರೂ ಯೋಚನೆಯೊಂದರಿಂದಲೇ ಸತ್ಯ ಸಿಕ್ಕುವುದಿಲ್ಲ ಎಂಬ ಎಚ್ಚರಿಕೆ ಮೊದಲ ಮೆಟ್ಟಿಲಲ್ಲೇ ಇದೆ. ಸುಳ್ಳಿನ ಗೋಡೆ ಬೀಳಬೇಕಾದರೆ ‘ಹುಕುಮ್’, ಅಂದರೆ ದೇವರ ಇಚ್ಛೆಗೆ ಹೊಂದಿಕೊಂಡು ನಡೆಯಬೇಕು ಎಂಬುದು ಅಲ್ಲಿನ ಉತ್ತರ. ಮುಂದೆ ನಾಲ್ಕು ಮೆಟ್ಟಿಲು ಕೇಳುವುದರ ಬಗ್ಗೆ, ಅದಾದ ಮೇಲೆ ನಾಲ್ಕು ಮೆಟ್ಟಿಲು ಕೇಳಿದ್ದನ್ನು ಮನಸಾರೆ ಒಪ್ಪಿಕೊಳ್ಳುವುದರ ಬಗ್ಗೆ. ಮೊದಲು ಕಿವಿ, ಆಮೇಲೆ ಮನಸ್ಸು, ಆಮೇಲೆ ನಡತೆ.

ಈ ದಾರಿಗೆ ಅಡ್ಡ ನಿಲ್ಲುವುದಕ್ಕೆ ಗ್ರಂಥ ಕೊಡುವ ಹೆಸರು ‘ಹೌಮೈ’. ನಾನು, ನನ್ನದು, ನನ್ನಿಂದ ಎಂಬ ಭಾವ. ಈ ‘ನಾನು’ ಎದುರಿಗಿದ್ದರೆ ಎಷ್ಟು ಓದಿದರೂ ನಮಗೆ ಕಾಣುವುದು ನಮ್ಮ ಮುಖವೇ. ಇದನ್ನು ಕರಗಿಸುವ ದಾರಿಗಳಲ್ಲಿ ದೊಡ್ಡದು ಸೇವೆ. ಸೇವೆಯನ್ನು ನಾವು ಸಾಮಾನ್ಯವಾಗಿ ಬೇರೆಯವರಿಗೆ ಮಾಡುವ ಉಪಕಾರ ಅಂದುಕೊಳ್ಳುತ್ತೇವೆ. ಸಿಖ್ ಪರಂಪರೆಯಲ್ಲಿ ಅದು ಓದಿನ ಒಂದು ಭಾಗ. ಪಾತ್ರೆ ಉಜ್ಜುವ ಕೈಗೆ ಗ್ರಂಥದ ಒಂದು ಸಾಲು ಹೆಚ್ಚು ಅರ್ಥವಾಗುತ್ತದೆ ಎಂಬುದು ಅವರ ನಂಬಿಕೆ. ಇತಿಹಾಸದಲ್ಲಿ ಇದಕ್ಕೆ ಉದಾಹರಣೆಗಳಿವೆ.

ಮೊದಲನೆಯದು ಅಮರದಾಸ್. 1479ರಲ್ಲಿ ಹುಟ್ಟಿದವರು, ಅರವತ್ತು ದಾಟಿದ ಮೇಲೆ ಎರಡನೆಯ ಗುರು ಅಂಗದರ ಬಳಿಗೆ ಬಂದರು. ಗುರುಗಳು ಅವರಿಗಿಂತ ಇಪ್ಪತ್ತೈದು ವರ್ಷ ಚಿಕ್ಕವರು. ಪರಂಪರೆ ಹೇಳುವಂತೆ ಅಮರದಾಸರು ಸುಮಾರು ಹನ್ನೆರಡು ವರ್ಷ ದಿನಾ ನಸುಕಿನಲ್ಲಿ ಬಿಯಾಸ್ ನದಿಯಿಂದ ಖಡೂರಿಗೆ ಗುರುಗಳ ಸ್ನಾನದ ನೀರು ಹೊತ್ತು ತಂದರು. ಮೈಲಿಗಟ್ಟಲೆ ದಾರಿ, ಚಳಿ, ಮಳೆ. ಊರಿನವರು ನಕ್ಕರು. ಈ ಮುದುಕನಿಗೆ ಇನ್ನೇನು ಗತಿಯಿಲ್ಲ ಅಂದರು. 1552ರಲ್ಲಿ, ಎಪ್ಪತ್ತಮೂರನೆಯ ವಯಸ್ಸಿನಲ್ಲಿ ಅವರೇ ಮೂರನೆಯ ಗುರುವಾದರು. ಆನಂದದ ಬಗ್ಗೆ ಅವರು ರಚಿಸಿದ 40 ಪೌಡಿಗಳ ‘ಆನಂದ್’ ಅನ್ನು ಇಂದಿಗೂ ಸಿಖ್ಖರ ಮದುವೆಯ ಮನೆಯಲ್ಲೂ ಸಾವಿನ ಮನೆಯಲ್ಲೂ ಹಾಡುತ್ತಾರೆ. ನೀರು ಹೊತ್ತ ಅಷ್ಟು ವರ್ಷಗಳೇ ಆ ಹಾಡಿನ ಹಿಂದಿನ ಪಾಠಶಾಲೆ ಎಂದು ನನಗೆ ಅನ್ನಿಸುತ್ತದೆ. ಗುರುವಾದ ಮೇಲೆ ಗೋಯಿಂದ್‌ವಾಲ್‌ನಲ್ಲಿ ಅವರು ಒಂದು ನಿಯಮ ಮಾಡಿದರು: ತಮ್ಮನ್ನು ನೋಡಲು ಬರುವವರು ಮೊದಲು ಪಂಕ್ತಿಯಲ್ಲಿ ಎಲ್ಲರ ಜೊತೆ ನೆಲದ ಮೇಲೆ ಕೂತು ಊಟ ಮಾಡಬೇಕು, ಆಮೇಲೆ ಭೇಟಿ. ಚಕ್ರವರ್ತಿ ಅಕ್ಬರನೂ ಹಾಗೇ ಕೂತ ಎಂದು ಸಿಖ್ ಪರಂಪರೆ ಹೇಳುತ್ತದೆ.

ಎರಡನೆಯದು ಗುರು ಅಂಗದರ ಪತ್ನಿ ಮಾತಾ ಖೀವಿ. ಲಂಗರ್‌ನ ಜವಾಬ್ದಾರಿ ಅವರದು. ಗ್ರಂಥದಲ್ಲಿ ಸತ್ತಾ ಮತ್ತು ಬಲವಂಡ್ ಎಂಬ ಇಬ್ಬರು ಗಾಯಕರ ಒಂದು ರಚನೆಯಿದೆ. ಅದರಲ್ಲಿ ಖೀವಿಯವರ ಹೆಸರೂ, ಅವರು ಬಡಿಸುತ್ತಿದ್ದ ತುಪ್ಪದ ಪಾಯಸದ ಮಾತೂ ಬರುತ್ತದೆ. ಗುರುಗಳ ಪತ್ನಿಯರಲ್ಲಿ ಗ್ರಂಥದಲ್ಲಿ ಹೆಸರು ಬರುವುದು ಅವರೊಬ್ಬರದೇ. ಅವರು ಹಾಡು ಬರೆದವರಲ್ಲ, ಪ್ರವಚನ ಮಾಡಿದವರಲ್ಲ. ಬಂದವರಿಗೆಲ್ಲ ಅಕ್ಕರೆಯಿಂದ ಬಡಿಸಿದವರು.

ಮೂರನೆಯದು ಭಾಯಿ ಕನ್ಹಯ್ಯ. 1704ರ ಹೊತ್ತಿಗೆ ಆನಂದ್‌ಪುರದಲ್ಲಿ ಯುದ್ಧ ನಡೆದಿತ್ತು. ಒಂದು ಕಡೆ ಗುರು ಗೋಬಿಂದ್ ಸಿಂಗರ ಸಿಖ್ಖರು, ಇನ್ನೊಂದು ಕಡೆ ಬೆಟ್ಟದ ರಾಜರು ಮತ್ತು ಮೊಗಲ್ ಸೈನ್ಯ. ಕನ್ಹಯ್ಯ ಚರ್ಮದ ಚೀಲದಲ್ಲಿ ನೀರು ತುಂಬಿಕೊಂಡು ರಣರಂಗದಲ್ಲಿ ಓಡಾಡುತ್ತಾ ಗಾಯಗೊಂಡವರಿಗೆ ಕುಡಿಸುತ್ತಿದ್ದ. ಬಿದ್ದವನು ಯಾರ ಕಡೆಯವನು ಎಂದು ನೋಡುತ್ತಿರಲಿಲ್ಲ. ಸಿಖ್ ಸೈನಿಕರಿಗೆ ಕೋಪ ಬಂತು. ನಾವು ಕಷ್ಟಪಟ್ಟು ಬೀಳಿಸಿದವನನ್ನು ಇವನು ನೀರು ಕೊಟ್ಟು ಎಬ್ಬಿಸುತ್ತಾನೆ ಎಂದು ಗುರುಗಳಿಗೆ ದೂರು ಕೊಟ್ಟರು. ಆ ಕೋಪವನ್ನು ಹಗುರವಾಗಿ ನೋಡಬೇಡಿ. ಅವರ ಅಣ್ಣ ತಮ್ಮಂದಿರು ಸಾಯುತ್ತಿದ್ದರು. ಗುರುಗಳು ಕನ್ಹಯ್ಯನನ್ನು ಕರೆಸಿ ಕೇಳಿದರು. ದೂರು ನಿಜವೆಂದು ಅವನು ಒಪ್ಪಿಕೊಂಡ. ಆದರೆ ತನಗೆ ಅಲ್ಲಿ ಮಿತ್ರನೂ ಕಾಣಲಿಲ್ಲ, ಶತ್ರುವೂ ಕಾಣಲಿಲ್ಲ, ಪ್ರತಿಯೊಬ್ಬನಲ್ಲೂ ಗುರುಗಳ ಮುಖವೇ ಕಂಡಿತು ಅಂದ. ಗುರುಗಳು ಅವನನ್ನು ಅಪ್ಪಿಕೊಂಡು, ಇನ್ನು ಮೇಲೆ ನೀರಿನ ಜೊತೆ ಗಾಯಕ್ಕೆ ಮುಲಾಮನ್ನೂ ಹಚ್ಚು ಎಂದು ಅದನ್ನು ಕೈಗೆ ಕೊಟ್ಟರಂತೆ. ಯುದ್ಧದಲ್ಲಿ ಗಾಯಗೊಂಡವರನ್ನು ಪಕ್ಷ ನೋಡದೆ ಉಪಚರಿಸಬೇಕೆಂದು ಯುರೋಪಿನ ದೇಶಗಳು ಜಿನೀವಾದಲ್ಲಿ ಒಪ್ಪಂದ ಮಾಡಿಕೊಂಡದ್ದು 1864ರಲ್ಲಿ, ಅಂದರೆ ಸುಮಾರು 160 ವರ್ಷದ ನಂತರ.

ಎಲ್ಲರಲ್ಲೂ ಒಂದೇ ಬೆಳಕು ಇದೆ ಎಂಬ ಮಾತು ಗ್ರಂಥದಲ್ಲಿ ಎಷ್ಟೋ ಕಡೆ ಬರುತ್ತದೆ. ದೂರು ಕೊಟ್ಟ ಸೈನಿಕರಿಗೂ ಅದು ಬಾಯಿಪಾಠವಾಗಿಯೇ ಇತ್ತು. ಬಾಣ ಹಾರುತ್ತಿರುವಾಗಲೂ ಅದು ನಿಜವೆಂದು ಕಂಡದ್ದು ನೀರು ಹೊತ್ತವನಿಗೆ.

ಈ ಚರಿತ್ರೆಗೆ ನಮ್ಮ ಕರ್ನಾಟಕದ ಒಂದು ಕೊಂಡಿಯೂ ಇದೆ. ಗುರು ನಾನಕರು ದಕ್ಷಿಣ ಯಾತ್ರೆಯಲ್ಲಿ ಬೀದರಿಗೆ ಬಂದಿದ್ದರು, ಕುಡಿಯುವ ನೀರಿಲ್ಲದ ಕಡೆ ಅವರಿಂದ ಒಂದು ಝರಿ ಚಿಮ್ಮಿತು ಎಂಬ ನಂಬಿಕೆಯಿದೆ. ಇಂದು ಅಲ್ಲಿ ಗುರು ನಾನಕ್ ಝೀರಾ ಸಾಹಿಬ್ ಗುರುದ್ವಾರವಿದೆ. ಅದೇ ಬೀದರಿನಿಂದ ಒಬ್ಬ ಕ್ಷೌರಿಕ ಆನಂದ್‌ಪುರಕ್ಕೆ ಹೋದ. 1699ರ ಬೈಸಾಖಿಯ ದಿನ ಗುರು ಗೋಬಿಂದ್ ಸಿಂಗ್ ಕತ್ತಿ ಹಿಡಿದು, ತಲೆ ಕೊಡುವವರು ಯಾರಿದ್ದೀರಿ ಎಂದು ಕೇಳಿದಾಗ ಎದ್ದು ನಿಂತ ಐವರಲ್ಲಿ ಅವನೂ ಒಬ್ಬ. ಅವನೇ ಭಾಯಿ ಸಾಹಿಬ್ ಸಿಂಗ್, ‘ಪಂಜ್ ಪ್ಯಾರೆ’ಗಳಲ್ಲಿ ಒಬ್ಬ. ಆ ಐವರಿಗೆ ದೀಕ್ಷೆ ಕೊಟ್ಟ ಮೇಲೆ ಗುರುಗಳು ಅವರ ಮುಂದೆಯೇ ಕೈಮುಗಿದು, ತನಗೂ ದೀಕ್ಷೆ ಕೊಡಿ ಎಂದು ಕೇಳಿಕೊಂಡರು. ಬೀದರಿನ ಕ್ಷೌರಿಕನ ಎದುರು ಗುರು ಶಿಷ್ಯನಾಗಿ ನಿಂತ ಗಳಿಗೆ ಅದು. ‘ನಾನು’ ಕರಗುವುದು ಅಂದರೆ ಏನೆಂದು ಇದಕ್ಕಿಂತ ಚೆನ್ನಾಗಿ ಯಾವ ಭಾಷ್ಯ ಹೇಳೀತು? ಸಾಹಿಬ್ ಸಿಂಗ್ ಮುಂದೆ ಚಮ್ಕೌರ್ ಯುದ್ಧದಲ್ಲಿ ಪ್ರಾಣ ಕೊಟ್ಟರು.

ಬೀದರ್ ಜಿಲ್ಲೆಯಲ್ಲೇ ಬಸವಕಲ್ಯಾಣವೂ ಇದೆ. ನಾನಕರಿಗಿಂತ ಮುನ್ನೂರು ವರ್ಷ ಮೊದಲು ಅಲ್ಲಿ ಶರಣರು ಕಾಯಕ ಮತ್ತು ದಾಸೋಹ ಎಂಬ ಎರಡು ಮಾತುಗಳನ್ನು ಬದುಕಿ ತೋರಿಸಿದ್ದರು. ದುಡಿದು ತಿನ್ನು, ಹಂಚಿ ತಿನ್ನು ಎಂಬ ಸಿಖ್ ಮಾತುಗಳ ಪಕ್ಕ ಇವನ್ನು ಇಟ್ಟು ನೋಡಿ. ಒಬ್ಬರಿಂದ ಒಬ್ಬರು ಕಲಿತರು ಎಂದು ನಾನು ಹೇಳುತ್ತಿಲ್ಲ. ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಭಾಷೆಯಲ್ಲಿ ಹುಡುಕಿದವರು ಹತ್ತಿರ ಹತ್ತಿರದ ಕಡೆಗೇ ಬಂದು ತಲುಪಿದರು.

ಇಷ್ಟು ಕೇಳಿದ ಮೇಲೆ ನಿಮ್ಮಲ್ಲಿ ಯಾರಾದರೂ ಕೇಳಬಹುದು: ಹಾಗಾದರೆ ಓದು ಬೇಡವೇ? ಖಂಡಿತ ಬೇಕು. ಗುರು ಅರ್ಜನರಷ್ಟು ಎಚ್ಚರದಿಂದ ಗ್ರಂಥ ಸಂಪಾದನೆ ಮಾಡಿದವರು ಕಡಿಮೆ. ಭಾಯಿ ಗುರುದಾಸರು ದೊಡ್ಡ ಪಂಡಿತರು, ಅವರ ರಚನೆಗಳನ್ನು ಗ್ರಂಥದ ಕೀಲಿಕೈ ಎಂದೇ ಕರೆಯುತ್ತಾರೆ. ಮೆಕಾಲಿಫ್ ಕೂಡ ಪದಕೋಶ ಬಿಟ್ಟು ಕೆಲಸ ಮಾಡಿದವನಲ್ಲ. ಪಾಂಡಿತ್ಯಕ್ಕೆ ವಿನಯ ಜೊತೆಯಾದಾಗ ಅದು ಬೆಳಕು ಕೊಡುತ್ತದೆ ಎಂಬುದಷ್ಟೇ ಅವನ ಕಥೆಯ ಪಾಠ.

ಇನ್ನೊಂದು ಎಚ್ಚರಿಕೆಯೂ ಬೇಕು. ಸೇವೆಯೊಳಗೂ ‘ನಾನು’ ಬಂದು ಕೂರಬಹುದು. ಡ್ಯೂಕ್ ಆಫ್ ಎಡಿನ್‌ಬರೋ ಅವಾರ್ಡಿಗೆ ಬೇಕಾದಷ್ಟು ವಾರ, ಯೂನಿವರ್ಸಿಟಿಯ ಅರ್ಜಿಯಲ್ಲಿ ಬರೆಯಲು ಒಂದು ಸಾಲು, ಹಾಕಲು ಒಂದು ಫೋಟೋ. ಅದರಿಂದಲೂ ಯಾರದೋ ಹೊಟ್ಟೆ ತುಂಬುತ್ತದೆ, ತಪ್ಪೇನಿಲ್ಲ. ಆದರೆ ಗ್ರಂಥ ಹೇಳುವ ಸೇವೆಗೆ ಲೆಕ್ಕ ಇಡುವವರಿಲ್ಲ. ಜಾತಿಯ ವಿಷಯದಲ್ಲೂ ಹಾಗೆಯೇ. ರವಿದಾಸನ ಹಾಡಿಗೆ ತಲೆಬಾಗುವ ಸಮುದಾಯದಲ್ಲೇ ಜಾತಿಯ ಹೆಸರಿನ ಗುರುದ್ವಾರಗಳು ಈ ಬ್ರಿಟನ್ನಿನಲ್ಲೂ ಇವೆ. ನಾವೇನು ಕಡಿಮೆ? ಲಂಡನ್ನಿನ ಥೇಮ್ಸ್ ದಡದಲ್ಲಿ 2015ರಿಂದ ಬಸವಣ್ಣನ ಪ್ರತಿಮೆ ಇದೆ. ಅಲ್ಲಿ ಹೋಗಿ ಫೋಟೋ ತೆಗೆಸಿಕೊಂಡವರೇ ಮಗನ ಮದುವೆಯ ಮಾತು ಬಂದಾಗ ಮೊದಲು ಕೇಳುವುದು ‘ಯಾವ ಜನ?’ ಎಂದು. ನುಡಿದಂತೆ ನಡೆಯುವುದು ಎಲ್ಲರಿಗೂ ಕಷ್ಟ. ಕಷ್ಟವಾದ್ದರಿಂದಲೇ ಇಂಥ ಗ್ರಂಥಗಳನ್ನು ಮತ್ತೆ ಮತ್ತೆ ಹಾಡಬೇಕಾಗಿದೆ.

ಕೊನೆಯದಾಗಿ ನಿಮಗೆ ಒಂದು ಮಾತು. ನಿಮ್ಮಲ್ಲಿ ಹಲವರಿಗೆ ಒಂದು ಅಳುಕಿದೆ: ನನಗೆ ಕನ್ನಡ ಓದಲು ಸರಿಯಾಗಿ ಬರುವುದಿಲ್ಲ, ಹಾಗಾಗಿ ವಚನವಾಗಲಿ ದಾಸರ ಪದವಾಗಲಿ ನನ್ನದಲ್ಲ ಎಂದು. ನಿಮ್ಮ ಸಿಖ್ ಗೆಳೆಯರಲ್ಲೂ ಗುರುಮುಖಿ ಲಿಪಿ ಬಾರದವರು ಇದೇ ಅಳುಕಿನಲ್ಲಿದ್ದಾರೆ. ಲಿಪಿ ಕಲಿಯಿರಿ, ಅದನ್ನು ಬಿಡಬೇಡಿ. ಆದರೆ ಅದು ಬರುವ ತನಕ ಬಾಗಿಲಲ್ಲೇ ಕಾಯುವುದೂ ಬೇಡ. ಒಂದು ಭಾನುವಾರ ಗೆಳೆಯನ ಜೊತೆ ಗುರುದ್ವಾರಕ್ಕೆ ಹೋಗಿ. ತಲೆಗೆ ಬಟ್ಟೆ ಕಟ್ಟಿಕೊಂಡು ಅರ್ಧ ಗಂಟೆ ಸುಮ್ಮನೆ ಕೂತು ಕೀರ್ತನೆ ಕೇಳಿ. ಆಮೇಲೆ ಕೆಳಗಿಳಿದು ಲಂಗರ್‌ನಲ್ಲಿ ರೊಟ್ಟಿ ಲಟ್ಟಿಸಿ, ತಟ್ಟೆ ತೊಳೆಯಿರಿ. ಪಕ್ಕದಲ್ಲಿ ತೊಳೆಯುತ್ತಿರುವವರು ಡಾಕ್ಟರೋ, ಲಾರಿ ಡ್ರೈವರೋ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಮನೆಗೆ ಬಂದ ಮೇಲೆ ಅಂದು ಕೇಳಿದ ಹಾಡಿನ ಅರ್ಥವನ್ನು ಗೆಳೆಯನ ಅಜ್ಜಿಯ ಹತ್ತಿರ ಕೇಳಿ ತಿಳಿದುಕೊಳ್ಳಿ. ಹಾಗೆಯೇ ನಿಮ್ಮ ಅಜ್ಜಿಗೆ ಫೋನ್ ಮಾಡಿ, ಒಂದು ವಚನ ಹೇಳಿಸಿಕೊಂಡು ಅದರ ಅರ್ಥ ಕೇಳಿ. ಎರಡೂ ಅರ್ಥಗಳು ಎಲ್ಲಿ ಕೈ ಹಿಡಿಯುತ್ತವೆ ಎಂದು ನೀವೇ ನೋಡಿ.